ಹಳೆಯ ಸ್ಪೋರ್ಟ್ಸ್ ಕಾರು, ಇಂದಿನ ಸೆಡಾನ್: ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನವರು ಮೂವತ್ತು ವರ್ಷಗಳಿಂದ ಜತನದಿಂದ ಕಾಪಾಡಿಕೊಂಡು ಬಂದಿರುವ, ಬ್ರಿಟನ್ನಿನ ಎಂಜಿ ಕಂಪನಿಯ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರಾದ 1967ರ ಎಂಜಿಬಿ ರೋಡ್‌ಸ್ಟರ್ ಕಾರನ್ನು ನನಗೆ ಕೊಡಲು ಮುಂದಾಗಿದ್ದಾರೆ. ಅವರ ಮೊಣಕಾಲು ಆ ಕ್ಲಚ್ಚಿನ ಬಿಗಿಯನ್ನು ಈಗ ತಾಳುವುದಿಲ್ಲ, ಗೊತ್ತಿಲ್ಲದವರ ಕೈಗೆ ಅದನ್ನು ಒಪ್ಪಿಸಲು ಅವರಿಗೆ ಮನಸ್ಸೂ ಇಲ್ಲ. ನಮ್ಮ ಮನೆಯಲ್ಲಿರುವುದು 2019ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್. ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು ಮತ್ತು ನನ್ನ ತಾಯಿ ಅದರಲ್ಲಿಯೇ ಓಡಾಡುತ್ತೇವೆ, ಇಂದಿನವರೆಗೆ ಅದು ನಮ್ಮನ್ನು ಒಮ್ಮೆಯೂ ದಾರಿಯಲ್ಲಿ ನಿಲ್ಲಿಸಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಮಾವನವರು ನನ್ನನ್ನು ಎಂಜಿಬಿಯ ಚಾಲಕನ ಸೀಟಿನಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕುಳಿತು, ಎರಡು ಗಂಟೆ ಓಡಿಸಲು ಬಿಟ್ಟರು. ಒಂದು ತಿರುವಿನಲ್ಲಿ ನಾನು ತುಂಬಾ ವೇಗವಾಗಿ ಹೋಗುತ್ತಿದ್ದೇನೆ ಎಂದು ಹೆದರಿ ವೇಗಮಾಪಕವನ್ನು ನೋಡಿದೆ. ಮೈಲಿಗಳಲ್ಲಿದ್ದ ಆ ಅಂಕೆಯನ್ನು ಕಿಲೋಮೀಟರಿಗೆ ಪರಿವರ್ತಿಸಿದಾಗ ಅದು ಗಂಟೆಗೆ 64ನ್ನೂ ದಾಟಿರಲಿಲ್ಲ. ಮನೆಗೆ ಮರಳುವಾಗ ನಮ್ಮ ಸೆಡಾನಿನಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೂ ಏನೂ ಅನಿಸಲಿಲ್ಲ. ಅಂದಿನಿಂದ ಈ ಎರಡು ವಾಹನಗಳನ್ನು ಪ್ರಾಮಾಣಿಕವಾಗಿ ಹೋಲಿಸುವುದು ಹೇಗೆಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಒಬ್ಬ ಗೆಳೆಯರು ಎಲ್ಲ ಅಂಕೆಗಳಲ್ಲೂ ಸೆಡಾನ್ ಮುಂದಿರುವುದರಿಂದ ಹೋಲಿಕೆಯೇ ಅನಗತ್ಯವೆನ್ನುತ್ತಾರೆ. ಇನ್ನೊಬ್ಬರು ಅಂಥ ಕಾರನ್ನು ಅಂಕೆಗಳಿಂದ ಅಳೆಯುವುದೇ ತಪ್ಪೆನ್ನುತ್ತಾರೆ. ಈ ಎರಡೂ ಮಾತುಗಳಿಂದ ನನಗೆ ನಿರ್ಧಾರಕ್ಕೆ ಬರಲು ಸಹಾಯವಾಗಿಲ್ಲ. ಅಂಕೆಗಳು ನಿಜವಾಗಿ ಏನು ಹೇಳುತ್ತವೆ, ವಾರಕ್ಕೆ ಎರಡು ಮೂರು ದಿನ ಕಚೇರಿಗೆ ಎಂಜಿಬಿಯನ್ನು ಬಳಸಬಹುದೇ, ಮಗಳನ್ನು ಅದರಲ್ಲಿ ಕರೆದೊಯ್ಯಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಅಂಕೆಗಳನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅವುಗಳಲ್ಲಿ ವಾದಕ್ಕೆ ಹೆಚ್ಚು ಆಸ್ಪದವಿಲ್ಲ. ನಿಮ್ಮ ಮಾವನವರ ಕಾರಿನಲ್ಲಿರುವುದು 1,798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಅದರ ಶಕ್ತಿ 95 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿ.ಮೀ. ವೇಗವನ್ನು ಮುಟ್ಟಲು ಅದಕ್ಕೆ ಸುಮಾರು 12 ಸೆಕೆಂಡು ಬೇಕು. ಕ್ಯಾಮ್ರಿ ಹೈಬ್ರಿಡ್‌ನ 2,487 ಸಿಸಿ ಎಂಜಿನ್ ಮತ್ತು ವಿದ್ಯುತ್ ಮೋಟಾರು ಸೇರಿ 208 ಅಶ್ವಶಕ್ತಿ ಕೊಡುತ್ತವೆ, ಅದೇ ವೇಗವನ್ನು ಅದು ಸುಮಾರು 8 ಸೆಕೆಂಡಿನಲ್ಲಿ ಮುಟ್ಟುತ್ತದೆ. ಹಳೆಯ ಕಾರು ಹಗುರವಾದ್ದರಿಂದ ಈ ಅಂತರ ಸರಿಹೋಗಬಹುದು ಎಂದು ಹಲವರು ಭಾವಿಸುತ್ತಾರೆ. ಲೆಕ್ಕ ಹಾಕಿದರೆ ಹಾಗಾಗುವುದಿಲ್ಲ. ಎಂಜಿಬಿ ಸುಮಾರು 920 ಕೆ.ಜಿ. ತೂಗುತ್ತದೆ, ಅಂದರೆ ಪ್ರತಿ ಅಶ್ವಶಕ್ತಿಯೂ ಸುಮಾರು 9.7 ಕೆ.ಜಿ. ಎಳೆಯಬೇಕು, ಸುಮಾರು 1,600 ಕೆ.ಜಿ. ತೂಗುವ ಸೆಡಾನಿನಲ್ಲಿ ಅದು 7.7 ಕೆ.ಜಿ. ಮಾತ್ರ. ನೂರು ಕಿಲೋಮೀಟರಿಗೆ ಎಂಜಿಬಿ ಸುಮಾರು 11 ಲೀಟರ್ ಪೆಟ್ರೋಲ್ ಕೇಳಿದರೆ ನಿಮ್ಮ ಹೈಬ್ರಿಡ್ ಸುಮಾರು 5 ಲೀಟರಿನಲ್ಲಿ ಮುಗಿಸುತ್ತದೆ.

ಈ ಅಂತರದ ಕಾರಣವನ್ನು ತಿಳಿದುಕೊಂಡರೆ ಎರಡೂ ಕಾರುಗಳ ಮೇಲಿನ ಗೌರವ ಹೆಚ್ಚುತ್ತದೆ ಎಂಬುದು ನನ್ನ ಅನುಭವ. ಎಂಜಿಬಿಯ ಎರಡು ಎಸ್‌ಯು ಕಾರ್ಬ್ಯುರೇಟರುಗಳಲ್ಲಿ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನಗಳಲ್ಲಿ) ಪೆಟ್ರೋಲನ್ನು ಅಳೆದು ಕೊಡುವ ಯಾವ ಎಲೆಕ್ಟ್ರಾನಿಕ್ ಉಪಕರಣವೂ ಇಲ್ಲ. ಒಳಗೆ ನುಗ್ಗುವ ಗಾಳಿಯ ಸೆಳೆತಕ್ಕೆ ಒಂದು ಪಿಸ್ಟನ್ ಮೇಲೇಳುತ್ತದೆ, ಅದರ ಜೊತೆಗೆ ತುದಿ ಚೂಪಾಗುತ್ತ ಹೋಗುವ ಒಂದು ಸೂಜಿಯೂ ಮೇಲೆದ್ದು, ರಂಧ್ರದಲ್ಲಿ ಎಷ್ಟು ಜಾಗ ತೆರೆಯುತ್ತದೆಯೋ ಅಷ್ಟು ಪೆಟ್ರೋಲ್ ಹರಿಯುತ್ತದೆ. ಕಿಡಿ ಯಾವಾಗ ಹಾರಬೇಕೆಂಬುದನ್ನು, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತೂಕಗಳು, ಸ್ಪ್ರಿಂಗುಗಳು ಮತ್ತು ಎಂಜಿನ್ನಿನ ನಿರ್ವಾತದ ಎಳೆತ ನಿರ್ಧರಿಸುತ್ತವೆ. ಇಂಥ ಏರ್ಪಾಡಿನಲ್ಲಿ ಎಂಜಿನ್ ಕುಟ್ಟತೊಡಗಿದರೆ (ಮಿಶ್ರಣದ ಒಂದು ಭಾಗ ಒತ್ತಡ ಮತ್ತು ಶಾಖಕ್ಕೆ ತಾನಾಗಿಯೇ ಸಿಡಿದು ಸದ್ದು ಮಾಡಿದರೆ) ಅದನ್ನು ತಿಳಿಯುವ ಕಿವಿ ಚಾಲಕನದು ಮಾತ್ರ. ಆದ್ದರಿಂದ ವಿನ್ಯಾಸಕಾರರು ಸಂಪೀಡನ ಅನುಪಾತವನ್ನು (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸಲಾಗುತ್ತದೆ ಎಂಬುದನ್ನು) 8.8ಕ್ಕೆ ನಿಲ್ಲಿಸಿ ಸುರಕ್ಷಿತ ಅಂತರ ಉಳಿಸಿಕೊಂಡರು. ನಿಮ್ಮ ಹೈಬ್ರಿಡ್‌ನಲ್ಲಿ ಆ ಅನುಪಾತ 14. ಅಲ್ಲಿ ಇನ್‌ಟೇಕ್ ವಾಲ್ವ್ (ಗಾಳಿಯನ್ನು ಒಳಗೆ ಬಿಡುವ ಕವಾಟ) ತಡವಾಗಿ ಮುಚ್ಚಿಕೊಳ್ಳುವುದರಿಂದ ಮಿಶ್ರಣದ ಮೇಲಿನ ಒತ್ತಡ ಅಷ್ಟು ಏರುವುದಿಲ್ಲ, ಆದರೆ ಉರಿದ ಅನಿಲ ಪೂರ್ಣವಾಗಿ ಹಿಗ್ಗಿ ಕೆಲಸ ಮಾಡುತ್ತದೆ. ಕುಟ್ಟುವಿಕೆಯನ್ನು ಒಂದು ಸೆನ್ಸರ್ ಕೇಳಿಸಿಕೊಂಡು ಕ್ಷಣಮಾತ್ರದಲ್ಲಿ ಕಿಡಿಯ ಸಮಯವನ್ನು ತಿದ್ದುತ್ತದೆ. ಇಂಧನದ ಶಾಖದಲ್ಲಿ ಗರಿಷ್ಠ 41 ಪ್ರತಿಶತವನ್ನು ಆ ಎಂಜಿನ್ ಕೆಲಸವಾಗಿ ಬದಲಿಸಬಲ್ಲದೆಂದು ತಯಾರಕರು ಹೇಳುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಇದು ಬಹಳ ದೊಡ್ಡ ಸಾಧನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಳೆಯ ಕ್ಯಾಟಲಾಗುಗಳಲ್ಲಿರುವ ಎಲ್ಲ ಅಶ್ವಶಕ್ತಿಗಳೂ ಇಂದಿನ ಅಳತೆಯವಲ್ಲ. 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾದ ಜಾಗ್ವಾರ್ ಇ-ಟೈಪ್‌ಗೆ 265 ಅಶ್ವಶಕ್ತಿ ಎಂದು ಬರೆದಿರುವುದು ಒಟ್ಟು ಅಳತೆ, ಅಂದರೆ ಎಂಜಿನ್ನನ್ನು ಹೊರಗೆ ಮೇಜಿಗೆ ಬಿಗಿದು, ಕಾರಿನಲ್ಲಿ ಅದು ಹೊರಬೇಕಾದ ಹೊರೆಗಳಿಲ್ಲದೆ ಅಳೆದದ್ದು. ಇಂದಿನ ನಿವ್ವಳ ಅಳತೆಯಲ್ಲಿ ಅದು ಗಣನೀಯವಾಗಿ ಕಡಿಮೆಯಾಗುತ್ತದೆ. ಅದೇ ಇ-ಟೈಪ್ ಗಾಳಿಯನ್ನು ಸೀಳಿಕೊಂಡು ಹೋಗುವಂತೆ ಕಾಣುತ್ತದೆ, ಆದರೆ ಅದರ ಗಾಳಿಯೆಳೆತದ ಗುಣಾಂಕ (ಇದು ಕಡಿಮೆಯಿದ್ದಷ್ಟೂ ಗಾಳಿಯ ತಡೆ ಕಡಿಮೆ) 0.44ರಷ್ಟು ಬಂದಿತ್ತು, ಇಂದಿನ ಸಾಮಾನ್ಯ ಸೆಡಾನುಗಳು 0.30ಕ್ಕಿಂತ ಕೆಳಗಿರುತ್ತವೆ.

ಎರಡನೆಯ ಉತ್ತರ

ಮಗಳ ಕುರಿತ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನನ್ನ ಉತ್ತರ ಬೇಡ ಎಂಬುದು, ಅದನ್ನು ಮೃದುಗೊಳಿಸಿ ಹೇಳಲು ನನಗೆ ಇಷ್ಟವಿಲ್ಲ.

ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಸಂಸ್ಥೆಯು 2009ರಲ್ಲಿ ತನ್ನ ಐವತ್ತನೆಯ ವರ್ಷದ ನೆನಪಿಗೆ 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು ಕಾರುಗಳನ್ನು ಗಂಟೆಗೆ 40 ಮೈಲಿ ವೇಗದಲ್ಲಿ ಮುಖಾಮುಖಿ ಡಿಕ್ಕಿ ಹೊಡೆಸಿತು. ಹಳೆಯ ಕಾರು ಗಟ್ಟಿ ಕಬ್ಬಿಣದ್ದು, ಹೊಸದು ಡಬ್ಬ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಅಲ್ಲಿ ಬೆಲ್ ಏರ್‌ನ ಪ್ರಯಾಣಿಕರ ಕೋಣೆಯೇ ಕುಸಿದುಹೋಯಿತು, ಅದರ ಚಾಲಕ ಬದುಕುವ ಸಾಧ್ಯತೆಯಿರಲಿಲ್ಲ. ಮಾಲಿಬುವಿನ ಚಾಲಕನ ಜಾಗದಲ್ಲಿದ್ದ ಬೊಂಬೆಗೆ ಕಾಲಿನ ಬಳಿ ಸಣ್ಣ ಪೆಟ್ಟಿನ ಲಕ್ಷಣ ಮಾತ್ರ ಕಂಡಿತು. ಆ ಬೆಲ್ ಏರ್ ದೊಡ್ಡ ಗಾತ್ರದ ಕುಟುಂಬದ ಕಾರಾಗಿತ್ತು. ನಿಮ್ಮ ಎಂಜಿಬಿ ಛಾವಣಿಯಿಲ್ಲದ, 3.9 ಮೀಟರಿನ ಪುಟ್ಟ ಕಾರು.

ತೂಕದ ವಿಷಯವನ್ನು ಮೊದಲ ಉತ್ತರದಲ್ಲಿ ವೇಗದ ದೃಷ್ಟಿಯಿಂದ ನೋಡಲಾಗಿದೆ, ಡಿಕ್ಕಿಯ ದೃಷ್ಟಿಯಿಂದಲೂ ಅದನ್ನು ನೋಡಬೇಕು. 920 ಕೆ.ಜಿ. ಮತ್ತು 1,600 ಕೆ.ಜಿ. ತೂಕದ ಎರಡು ಕಾರುಗಳು ತಲಾ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಗುದ್ದಿ ಅಂಟಿಕೊಂಡವೆಂದು ಇಟ್ಟುಕೊಳ್ಳಿ. ಭಾರವಾದ ಕಾರಿನ ವೇಗದಲ್ಲಿ ಗಂಟೆಗೆ ಸುಮಾರು 37 ಕಿ.ಮೀ. ಬದಲಾವಣೆಯಾಗುತ್ತದೆ, ಹಗುರವಾದದ್ದರಲ್ಲಿ ಸುಮಾರು 63 ಕಿ.ಮೀ. ಅಂದರೆ ಹಗುರ ಕಾರು ನಿಲ್ಲುವುದಷ್ಟೇ ಅಲ್ಲ, ಹಿಂದಕ್ಕೆ ತಳ್ಳಲ್ಪಡುತ್ತದೆ. ರಸ್ತೆಯಲ್ಲಿ ನಿಮಗೆ ಎದುರಾಗುವ ವಾಹನಗಳು ಬಹುಮಟ್ಟಿಗೆ ನಿಮ್ಮ ಸೆಡಾನಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾರದವು ಎಂಬುದನ್ನು ನೆನಪಿಡಬೇಕು.

ಮೂರು ಬಿಂದುಗಳ ಸೀಟ್ ಬೆಲ್ಟನ್ನು ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿಯೇ ರೂಪಿಸಿದ್ದರು. ಆದರೂ 1967ರ ಎಂಜಿಬಿಯಲ್ಲಿ ತಾನಾಗಿ ಬಿಗಿಯುವ ಬೆಲ್ಟ್ ಇಲ್ಲ, ತಲೆಗೆ ಹಿಂದಿನಿಂದ ಆಸರೆಯಿಲ್ಲ, ಮಕ್ಕಳ ಸೀಟನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಗಳಿಲ್ಲ, ಏರ್‌ಬ್ಯಾಗ್ ಇಲ್ಲ. ಕಾರು ಮಗುಚಿದರೆ ತಲೆಗಿಂತ ಎತ್ತರದಲ್ಲಿರುವುದು ವಿಂಡ್‌ಸ್ಕ್ರೀನಿನ ಚೌಕಟ್ಟು ಮಾತ್ರ. ಆ ದಶಕದ ಅನೇಕ ಕಾರುಗಳಂತೆ ಇದರ ಬ್ರೇಕಿಗೂ ಒಂದೇ ಸರ್ಕ್ಯೂಟ್ ಇರುವ ಸಾಧ್ಯತೆಯೇ ಹೆಚ್ಚು. ಎಲ್ಲಿಯಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೆ ಹೋಗುತ್ತದೆ.

ನೀವೊಬ್ಬರೇ ಓಡಿಸುವುದಾದರೆ ಅದು ನಿಮ್ಮ ಆಯ್ಕೆ. ಹಾಗಿದ್ದರೂ ಮೊದಲು ತಾನಾಗಿ ಬಿಗಿಯುವ ಇನರ್ಷಿಯಾ ರೀಲ್ ಬೆಲ್ಟುಗಳನ್ನು ಹಾಕಿಸಿ, ಬ್ರೇಕ್ ಹೋಸುಗಳನ್ನೆಲ್ಲ ಹೊಸದಾಗಿಸಿ, ಹಿಂಬದಿಯ ಬ್ರೇಕ್ ದೀಪ ಹಗಲಿನಲ್ಲಿ ಚೆನ್ನಾಗಿ ಕಾಣುತ್ತದೆಯೇ ಎಂದು ಬೇರೊಬ್ಬರನ್ನು ಹಿಂದೆ ನಿಲ್ಲಿಸಿ ಪರೀಕ್ಷಿಸಿ. ಆ ಕಾಲದ ಮಸುಕು ದೀಪವನ್ನು ಇಂದಿನ ಚಾಲಕರ ಕಣ್ಣು ಗುರುತಿಸುವುದೇ ಇಲ್ಲ.

ಮೂರನೆಯ ಉತ್ತರ

ನಾನು ಹದಿನೆಂಟು ವರ್ಷಗಳಿಂದ 1966ರ ಎಂಜಿಬಿಯೊಂದನ್ನು ಇಟ್ಟುಕೊಂಡಿದ್ದೇನೆ, ಮನೆಯವರಿಗಾಗಿ ಸೆಡಾನನ್ನೂ ಇಟ್ಟುಕೊಂಡಿದ್ದೇನೆ. ಮೇಲಿನ ಇಬ್ಬರೂ ಬರೆದಿರುವುದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ತಮ್ಮ ಪ್ರಶ್ನೆಯಲ್ಲಿಯೇ ಒಂದು ಮುಖ್ಯ ಸಂಗತಿಯನ್ನು ಹೇಳಿದ್ದಾರೆ, ಅದನ್ನು ಯಾರೂ ಕೈಗೆತ್ತಿಕೊಂಡಿಲ್ಲ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಅವರಿಗೆ ಮೈ ಜುಮ್ಮೆಂದದ್ದು ಭ್ರಮೆಯಲ್ಲ.

ಎಂಜಿಬಿಯ ಟಯರಿನ ಅಗಲ ಸುಮಾರು 155 ಮಿ.ಮೀ., ನಿಮ್ಮ ಸೆಡಾನಿನದು 205ರಿಂದ 235 ಮಿ.ಮೀ. ಹಿಡಿತ ಕಡಿಮೆಯಾದ್ದರಿಂದ ಹಳೆಯ ಕಾರು ತನ್ನ ಮಿತಿಯ ಸಮೀಪಕ್ಕೆ ಬೇಗನೆ ಬರುತ್ತದೆ, ಬರುವಾಗ ಅದನ್ನು ಹೇಳುತ್ತಲೇ ಬರುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ರ‍್ಯಾಕ್ ಅಂಡ್ ಪಿನಿಯನ್ ಆದ್ದರಿಂದ ಮುಂದಿನ ಟಯರು ಜಾರುವ ಮೊದಲು ಸ್ಟಿಯರಿಂಗ್ ಚಕ್ರ ಕೈಯಲ್ಲಿ ಹಗುರವಾಗುತ್ತದೆ. ನೀವು ಹಿಂದಿನ ಆಕ್ಸಲ್ಲಿಗೆ ತೀರ ಹತ್ತಿರ, ನೆಲಕ್ಕೆ ತೀರ ತಗ್ಗಿನಲ್ಲಿ ಕುಳಿತಿರುವುದರಿಂದ ಹಿಂಭಾಗ ಸರಿಯತೊಡಗಿದರೆ ಅದು ಸೊಂಟಕ್ಕೆ ಮೊದಲು ತಿಳಿಯುತ್ತದೆ. ನಾಲ್ಕನೆಯ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತಿರುತ್ತದೆ, ಓವರ್‌ಡ್ರೈವ್ (ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಇದ್ದರೆ 2,800ಕ್ಕೆ ಇಳಿಯುತ್ತದೆ. ಆ ಸದ್ದು, ಆ ಗಾಳಿ, ಆ ನಡುಕ ಎಲ್ಲವೂ ಕಾರು ಎಷ್ಟು ಶ್ರಮಪಡುತ್ತಿದೆ ಎಂಬುದರ ವರದಿಯೇ ಆಗಿವೆ. ಸೆಡಾನಿನಲ್ಲಿ ಇದೇ ಅನುಭವ ಬೇಕೆಂದರೆ ಯಾವ ರಸ್ತೆಯಲ್ಲೂ ಒಪ್ಪಲಾಗದ ವೇಗಕ್ಕೆ ಹೋಗಬೇಕಾಗುತ್ತದೆ, ಅಲ್ಲಿಯೂ ಎಲೆಕ್ಟ್ರಾನಿಕ್ ನಿಯಂತ್ರಣ ನಿಮಗಿಂತ ಮೊದಲು ಮಧ್ಯೆ ಪ್ರವೇಶಿಸುತ್ತದೆ. ಕುಟುಂಬವನ್ನು ಕೂರಿಸಿಕೊಂಡಿರುವಾಗ ಅದು ಹಾಗೆಯೇ ಇರಬೇಕು ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಒಂದು ಕಾರು ಚಾಲಕನಿಂದ ಕೆಲಸವನ್ನು ಕೇಳುತ್ತದೆ, ಇನ್ನೊಂದು ಅವನ ಕೆಲಸವನ್ನು ತಾನು ವಹಿಸಿಕೊಳ್ಳುತ್ತದೆ. ಅದಕ್ಕಾಗಿಯೇ ನಾನು ಎರಡನ್ನೂ ಇಟ್ಟುಕೊಂಡಿರುವುದು.

ಇನ್ನು ಕಚೇರಿಗೆ ಬಳಸುವ ವಿಚಾರ. ಆಗುತ್ತದೆ, ಆದರೆ ಕೈಗೆ ಮಸಿ ಹತ್ತುವುದನ್ನು ಒಪ್ಪಿಕೊಂಡವರಿಗೆ ಮಾತ್ರ. ಸೆಡಾನ್ 10,000 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಓಡಿದ ಮೇಲೆ ಸರ್ವಿಸ್ ಕೇಳಿದರೆ, ಎಂಜಿಬಿ 3,000 ಮೈಲಿಗೊಮ್ಮೆ, ಅಂದರೆ ಸುಮಾರು 4,800 ಕಿ.ಮೀ.ಗೊಮ್ಮೆ ಮುಂದಿನ ಚಕ್ರಗಳು ತಿರುಗುವ ಕೀಲುಗಳಾದ ಕಿಂಗ್‌ಪಿನ್ನುಗಳಿಗೆ ಗ್ರೀಸ್ ಕೇಳುತ್ತದೆ. ಇದನ್ನು ಉದಾಸೀನ ಮಾಡಿದರೆ ಸ್ಟಿಯರಿಂಗ್ ದಿನೇ ದಿನೇ ಬಿಗಿಯಾಗುತ್ತದೆ, ನಿಧಾನವಾಗಿ ಆಗುವುದರಿಂದ ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಕಿಡಿ ಹುಟ್ಟಿಸಲು ಡಿಸ್ಟ್ರಿಬ್ಯೂಟರಿನಲ್ಲಿ ತೆರೆದು ಮುಚ್ಚುವ ಕಾಂಟ್ಯಾಕ್ಟ್ ಪಾಯಿಂಟುಗಳ ಅಂತರ 0.35ರಿಂದ 0.40 ಮಿ.ಮೀ. ಇರಬೇಕು, ಅದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ನೀವೇ ಹೊಂದಿಸಲು ಕಲಿಯಿರಿ. ಎರಡು ಕಾರ್ಬ್ಯುರೇಟರುಗಳ ಬಾಯಿಗೆ ಒಂದು ರಬ್ಬರ್ ಕೊಳವೆ ಹಿಡಿದು ಕಿವಿಗೊಟ್ಟು ಕೇಳಿದರೆ ಎರಡೂ ಸಮನಾಗಿ ಉಸಿರಾಡುತ್ತಿವೆಯೇ ಎಂಬುದು ತಿಳಿಯುತ್ತದೆ. ಈ ಕೆಲಸವನ್ನು ಮೊದಲ ಬಾರಿ ಸರಿಯಾಗಿ ಮಾಡಿದ ದಿನ ನನಗೆ ಆದ ಸಂತೋಷ ಈಗಲೂ ನೆನಪಿದೆ. ಇಂದಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ಕೊರೆಯುತ್ತದೆ, ಆದ್ದರಿಂದ ಇಂಧನದ ಕೊಳವೆಗಳನ್ನೆಲ್ಲ ಎಥನಾಲ್ ತಾಳುವಂಥವಕ್ಕೆ ಬದಲಿಸಬೇಕು. ಸೀಸವಿಲ್ಲದ ಪೆಟ್ರೋಲಿನಿಂದ ಎಕ್ಸಾಸ್ಟ್ ವಾಲ್ವಿನ ಸೀಟುಗಳು ಸವೆಯುತ್ತವೆ. ಸಿಲಿಂಡರ್ ಹೆಡ್ಡಿಗೆ ಗಡಸು ಸೀಟುಗಳನ್ನು ಕೂರಿಸಲಾಗಿದೆಯೇ ಎಂದು ಮಾವನವರನ್ನು ಕೇಳಿ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ನಿಮ್ಮ ಕಾರು 1967ರ ಯಾವ ಭಾಗದ್ದು? ಆ ವರ್ಷದ ಕೊನೆಯಲ್ಲಿ ಬಂದ ಮಾರ್ಕ್ 2 ಮಾದರಿಯಲ್ಲಿ ಎಲ್ಲ ಗೇರುಗಳಿಗೂ ಸಿಂಕ್ರೊಮೆಶ್ (ಗೇರು ಸುಲಭವಾಗಿ ಬೀಳುವಂತೆ ಹಲ್ಲುಗಳ ವೇಗವನ್ನು ಹೊಂದಿಸುವ ಏರ್ಪಾಡು) ಮತ್ತು ಬ್ಯಾಟರಿ ತುಂಬಿಸಲು ಡೈನಮೊ ಬದಲಿಗೆ ಆಲ್ಟರ್ನೇಟರ್ ಬಂದವು, ಬ್ಯಾಟರಿಯ ಋಣ ತುದಿ ಕಾರಿನ ಲೋಹಕ್ಕೆ ಸೇರಿತು. ಅದಕ್ಕಿಂತ ಹಿಂದಿನದಾದರೆ ಕಾರು ಪೂರ್ತಿ ನಿಲ್ಲದೆ ಮೊದಲ ಗೇರಿಗೆ ಹಾಕಿದರೆ ಹಲ್ಲುಗಳು ಕಿರುಚುತ್ತವೆ, ಬ್ಯಾಟರಿಯ ಧನ ತುದಿ ಕಾರಿನ ಲೋಹಕ್ಕೆ ಸೇರಿರುತ್ತದೆ. ಎಂಟು ವರ್ಷಗಳ ಹಿಂದೆ ಒಂದು ಕಾರ್ಯಾಗಾರದಲ್ಲಿ ಇದನ್ನು ಗಮನಿಸದೆ ಬ್ಯಾಟರಿಯನ್ನು ಇಂದಿನ ಕಾರಿನಂತೆ ಜೋಡಿಸಿ ನನ್ನ ರೇಡಿಯೊವನ್ನು ಸುಟ್ಟರು. ಆ ರೇಡಿಯೊ ಕಾರಿನ ಮೊದಲ ಮಾಲೀಕರು ಹಾಕಿಸಿದ್ದು. ಅದು ಇಂದಿಗೂ ಡ್ಯಾಶ್‌ಬೋರ್ಡಿನಲ್ಲಿ ಇದೆ, ಹಾಡುವುದಿಲ್ಲ. ಅಂದಿನಿಂದ ಬ್ಯಾಟರಿಯ ಮುಚ್ಚಳದ ಒಳಗೆ ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದೇನೆ, ನೀವೂ ಹಾಗೆಯೇ ಮಾಡಿ.

ಬಿಡಿಭಾಗಗಳ ಬಗ್ಗೆ ನಿಮಗೆ ಭಯ ಬೇಡ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು, ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು 1988ರಲ್ಲಿ ಮೂಲ ಅಚ್ಚುಗಳನ್ನೇ ಬಳಸಿ ಇಡೀ ಕಾರಿನ ಹೊಸ ಒಡಲನ್ನು ಮತ್ತೆ ತಯಾರಿಸಲು ಆರಂಭಿಸಿತು. ಇಂದಿನ ಸೆಡಾನಿನ ಒಂದು ಎಲೆಕ್ಟ್ರಾನಿಕ್ ಘಟಕವನ್ನು ಐವತ್ತು ವರ್ಷಗಳ ನಂತರ ಯಾರಾದರೂ ಹೀಗೆ ಹೊಸದಾಗಿ ಮಾಡಿಕೊಡುವರೆಂಬ ನಂಬಿಕೆ ನನಗಿಲ್ಲ.

ನಾಲ್ಕನೆಯ ಉತ್ತರ

ಸಣ್ಣ ಸೇರ್ಪಡೆ. ಇಂಥ ಕಾರನ್ನು ವಿಂಟೇಜ್ ಎನ್ನುವುದು ನಮ್ಮಲ್ಲಿ ರೂಢಿ. ಆದರೆ ಈ ಕ್ಷೇತ್ರದವರು ಕಟ್ಟುನಿಟ್ಟಾಗಿ ಬಳಸುವಾಗ 1919ರಿಂದ 1930ರವರೆಗಿನ ಕಾರುಗಳಿಗೆ ಮಾತ್ರ ಆ ಪದ ಸಲ್ಲುತ್ತದೆ, 1967ರದ್ದನ್ನು ಕ್ಲಾಸಿಕ್ ಎನ್ನುತ್ತಾರೆ. ವಿಮೆಯ ಅಥವಾ ನೋಂದಣಿಯ ಪತ್ರ ತುಂಬುವಾಗ ಈ ವ್ಯತ್ಯಾಸ ಗೊಂದಲಕ್ಕೆ ಕಾರಣವಾಗಬಹುದು.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ತನ್ನ ವ್ಯಾಖ್ಯೆಯಲ್ಲಿ ವಾಹನಕ್ಕೆ ಕನಿಷ್ಠ 30 ವರ್ಷ ತುಂಬಿರಬೇಕು, ಇತಿಹಾಸಕ್ಕೆ ಸರಿಹೊಂದುವ ಸ್ಥಿತಿಯಲ್ಲಿ ಉಳಿದಿರಬೇಕು ಎನ್ನುವುದರ ಜೊತೆಗೆ ಅದು ದಿನನಿತ್ಯದ ಸಂಚಾರದ ಸಾಧನವಾಗಿರಬಾರದು ಎಂದೂ ಹೇಳುತ್ತದೆ. ಇದರಲ್ಲಿ ವಿವೇಕವಿದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಎಂಜಿನ್ ಚಳಿಯಲ್ಲಿ ಚೋಕ್ ಎಳೆದು ಹೊರಟರೆ ಅರೆಬೆಂದ ಪೆಟ್ರೋಲನ್ನೇ ಹೊರಗೆ ಬಿಡುತ್ತದೆ, ಕಚೇರಿಯ ದಾರಿಯಂಥ ಸಣ್ಣ ಪ್ರಯಾಣದಲ್ಲಿ ಅದು ಪೂರ್ತಿ ಬಿಸಿಯಾಗುವಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ. ಅಂಥ ಓಡಾಟ ಎಂಜಿನ್ನಿಗೂ ಒಳ್ಳೆಯದಲ್ಲ, ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ವಾರಕ್ಕೆ ಮೂರು ದಿನ ಹತ್ತು ಕಿಲೋಮೀಟರ್ ಓಡಿಸುವುದಕ್ಕಿಂತ ತಿಂಗಳಿಗೆ ಎರಡು ಬಾರಿ ನೂರು ಕಿಲೋಮೀಟರ್ ಓಡಿಸುವುದು ಆ ಕಾರಿಗೆ ಹಿತ.

ಪ್ರಶ್ನೆ ಕೇಳಿದವರ ಮರುಮಾತು

ನಾಲ್ವರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಕಚೇರಿಗೆ ಬಳಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ, ಸೆಡಾನ್ ಈಗಿನಂತೆಯೇ ಮನೆಯ ಕಾರಾಗಿ ಮುಂದುವರಿಯುತ್ತದೆ. ಮಗಳಿಗೆ ಎಂಜಿಬಿಯನ್ನು ನಿಂತಲ್ಲಿಯೇ ಪರಿಚಯಿಸುತ್ತೇನೆ. ಕಾರ್ಬ್ಯುರೇಟರಿಗೆ ಕೊಳವೆ ಹಿಡಿದು ಕೇಳುವ ವಿಷಯ ತಿಳಿಸಿದಾಗಿನಿಂದ ಅವಳು ಅದನ್ನು ತಾನೇ ಮಾಡಬೇಕೆಂದು ಹಟ ಹಿಡಿದಿದ್ದಾಳೆ.

ಮಾವನವರಿಗೆ ಫೋನ್ ಮಾಡಿ ವಿಚಾರಿಸಿದೆ. ಅವರ ಕಾರು 1967ರ ಮಾರ್ಚ್ ತಿಂಗಳಿನದು, ಬ್ಯಾಟರಿಯ ಧನ ತುದಿಯೇ ಲೋಹಕ್ಕೆ ಸೇರಿದೆ. ಗಡಸು ವಾಲ್ವ್ ಸೀಟುಗಳನ್ನು ಅವರು ಹಿಂದೆಯೇ ಹಾಕಿಸಿದ್ದಾರೆ. ತುಕ್ಕಿನ ಬಗ್ಗೆ ಕೇಳಿದಾಗ ಮಾತ್ರ, ಹೊರಗೆ ಏನೂ ಕಾಣುವುದಿಲ್ಲ, ಒಳಗಿನದು ಗೊತ್ತಿಲ್ಲ ಎಂದರು. ಬರುವ ಭಾನುವಾರ ಹೋಗಿ ನೋಡುವವನಿದ್ದೇನೆ, ಮೊದಲು ಎಲ್ಲಿ ನೋಡಬೇಕು?

ಮೂರನೆಯ ಉತ್ತರ ಬರೆದವರಿಂದ

ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಸಿಲ್‌ಗಳನ್ನು ಮೊದಲು ನೋಡಿ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಛಾವಣಿಯೂ ಇಲ್ಲದ್ದರಿಂದ ಕಾರಿನ ಬೆನ್ನುಮೂಳೆಯ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಆ ಸಿಲ್‌ಗಳೇ. ಅವು ಒಳಗಿನಿಂದ ಕೊಳೆಯುವುದರಿಂದ ಹೊರಗಿನ ಬಣ್ಣವನ್ನು ನಂಬಬೇಡಿ. ಒಂದು ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಸಿಲ್‌ನ ಉದ್ದಕ್ಕೂ ಹಿಡಿದುಕೊಂಡು ಹೋಗಿ, ಹಿಡಿತ ತಪ್ಪಿದ ಕಡೆ ಲೋಹದ ಬದಲು ಪುಟ್ಟಿ ಇರುತ್ತದೆ. ಆಮೇಲೆ ಜಾಕ್ ಹಾಕಲೆಂದೇ ಇರುವ ಜಾಗದಲ್ಲಿ ನಿಧಾನವಾಗಿ ಒಂದು ಪಕ್ಕವನ್ನು ಎತ್ತುತ್ತಾ ಬಾಗಿಲಿನ ಹಿಂದಂಚಿನ ಸಂದನ್ನು ಗಮನಿಸಿ. ಸಂದು ಕಿರಿದಾಗುತ್ತಾ ಬಂದರೆ ಕಾರು ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ಎತ್ತಿದ ಸ್ಥಿತಿಯಲ್ಲಿಯೂ ಬಾಗಿಲು ಎಲ್ಲಿಯೂ ತಾಗದೆ ತೆರೆದು ಮುಚ್ಚಿದರೆ, ಮಾವನವರಿಂದ ಕೀಲಿಕೈ ತೆಗೆದುಕೊಳ್ಳಿ.